ನೆಹರೂ ಪ್ಲೇಸಿನಲ್ಲಿ ಪರಕಾಯ ಪ್ರವೇಶ

ದಿಲ್ಲಿಯಲ್ಲಿ ನೆಲಸಿದ ಕನ್ನಡಿಗರಲ್ಲಿ ನೆಹರೂ ಪ್ಲೇಸಿನ ಮೆಟ್ಟಿಲು ಹತ್ತದವರು ವಿರಳ. ಕಾಲ್ಕಾಜಿಯ ಮಗ್ಗುಲಲ್ಲಿ, ಹೊರ ವರ್ತುಲ ರಸ್ತೆಯ ಅಂಚಿಗೆ, ದಿಲ್ಲಿ ಅಭಿವೃದ್ಧಿ ಪ್ರಾಧಿಕಾರವು ಕಚೇರಿಗಳಿಗೆಂದು ರೂಪಿಸಿದ ಕೇಂದ್ರವಿದು. ನಡುವೆ ಕಲ್ಲುಹಾಸಿನ ಅಂಗಳ, ಸುತ್ತಲೂ ಬಹುಮಹಡಿ ಕಟ್ಟಡಗಳು. ಮೇಘದೂತ, ಮಂಜೂಷಾ, ದೇವಿಕಾ, ಸಿದ್ಧಾರ್ಥ ಎಂಬ ಅವುಗಳ ಹೆಸರು ಕೇಳಿದರೆ ಸಂಸ್ಕೃತ ಪಾಠಶಾಲೆಗೆ ಬಂದೆವೇನೋ ಎನ್ನಿಸಬೇಕು. ಕಿವಿಗೆ ಬೀಳುವುದು ಮಾತ್ರ ಲ್ಯಾಪ್‌ಟಾಪು, ಪ್ರಿಂಟರು, ಶಾಯಿ ಎಂಬ ಕೂಗು.

ಈ ಮಾರುಕಟ್ಟೆಯ ಒಳಗಲ್ಲಿಗಳಲ್ಲಿ, ನೆಲಮಾಳಿಗೆಗಳಲ್ಲಿ, ಇಟ್ಟಿಗೆ ಪೇರಿಸಿದಂತೆ ಪೇರಿಸಿಟ್ಟ ಕಪ್ಪು ಪೆಟ್ಟಿಗೆಗಳನ್ನು ಓದುಗರು ನೋಡಿರಬಹುದು. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೀಟ್, ಲೆನೊವೊ ಥಿಂಕ್‌ಸೆಂಟರ್ ಎಂಬ ಹೆಸರಿನ ಮೇಜುಗಣಕಗಳು. ಗುರುಗ್ರಾಮ, ನೋಯ್ಡಾಗಳ ಕಚೇರಿಗಳು ಮೂರು ವರ್ಷವೋ ಐದು ವರ್ಷವೋ ದುಡಿಸಿಕೊಂಡು ಗುಂಪುಗುಂಪಾಗಿ ಹೊರಹಾಕಿದವು. ವ್ಯಾಪಾರಿಗಳು ಧೂಳು ಕೊಡವಿ, ಹೊಸ ಡಿಸ್ಕು ಜೋಡಿಸಿ, 'ರೀಫರ್ಬಿಶ್ಡ್' ಎಂಬ ಚೀಟಿ ಅಂಟಿಸಿ ಮಾರುತ್ತಾರೆ. ಇಂಥ ಪೆಟ್ಟಿಗೆಗಳಲ್ಲಿ ಆಪಲ್ ಕಂಪೆನಿಯ ಮ್ಯಾಕ್ ಓಎಸ್ ಎಂಬ ಮೂಲ ತಂತ್ರಾಂಶವನ್ನು ತುಂಬಿ ಓಡಿಸಿದ ವಿದ್ಯೆಯೊಂದುಂಟು. ಅದಕ್ಕೆ ಹ್ಯಾಕಿಂತೋಷ್ ಎಂದು ಹೆಸರು. ಅದರ ಆಯುಸ್ಸು ಸುಮಾರು 20 ವರ್ಷ. ಆದಿ ನನಗೆ ಗೊತ್ತಿದೆ, ಅಂತ್ಯದ ದಿನವೂ ಈಗ ಗೊತ್ತಾಗಿದೆ. ಆದ್ದರಿಂದ ಚರಿತ್ರೆ ಬರೆಯಲು ಇದು ತಕ್ಕ ಕಾಲ.

ಮೊದಲು ಸ್ಥಳಪುರಾಣ. 1978ರಲ್ಲಿ ಐಬಿಎಂ ಕಂಪೆನಿ ಭಾರತವನ್ನು ಬಿಟ್ಟು ಹೋಯಿತು. ವಿದೇಶೀ ಬಂಡವಾಳದ ಕಾಯಿದೆಗೆ ಒಪ್ಪಿ ಒಡೆತನವನ್ನು ಹಂಚಿಕೊಳ್ಳಲು ಅದಕ್ಕೆ ಮನಸ್ಸಿರಲಿಲ್ಲ. ಆ ಹೊತ್ತಿಗಾಗಲೇ, 1976ರಲ್ಲಿ, ದಿಲ್ಲಿಯ ಕೆಲವು ಯುವ ಎಂಜಿನಿಯರುಗಳು ಎಚ್‌ಸಿಎಲ್ ಕಂಪೆನಿಯನ್ನು ಹುಟ್ಟುಹಾಕಿದ್ದರು. ಆ ಸಮೂಹದ ನೋಂದಾಯಿತ ವಿಳಾಸವಾಗಿ ಸಿದ್ಧಾರ್ಥ ಕಟ್ಟಡದ ಹೆಸರು ಬಹುಕಾಲ ಕಾಣುತ್ತಿತ್ತು. 1984ರ ನವೆಂಬರಿನಲ್ಲಿ ಹೊಸ ಗಣಕ ನೀತಿ ಬಂದು ಆಮದಿನ ಕಟ್ಟುಗಳು ಸಡಿಲವಾದ ಮೇಲೆ, ಬಿಡಿಭಾಗ ತಂದು ಜೋಡಿಸಿ ಮಾರುವವರಿಗೆ ಕೈತುಂಬ ಕೆಲಸ. ಕಚೇರಿಗಳ ಕೇಂದ್ರ ಹೀಗೆ ಗಣಕಗಳ ಸಂತೆಯಾಯಿತು.

ಅಂದು ಜೋಡಿಸುತ್ತಿದ್ದುದೆಲ್ಲ ಐಬಿಎಂ ಮಾದರಿಯ ಯಂತ್ರಗಳು. 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಇಂಟೆಲ್ ಕಂಪೆನಿಯ ಚಿಪ್ಪಿನ ಮೇಲೆ, ಪೇಟೆಯಲ್ಲಿ ಸಿಗುವ ಭಾಗಗಳಿಂದಲೇ ಕಟ್ಟಿತ್ತು. ಅದರಲ್ಲಿ ಸ್ವಂತದ್ದೆನ್ನಬಹುದಾದ ಮುಖ್ಯ ಬೀಗ ಬಯೋಸ್ ಎಂಬ ಸಣ್ಣ ತಂತ್ರಾಂಶ ಮಾತ್ರ. ಕಾಂಪ್ಯಾಕ್ ಮೊದಲಾದ ಕಂಪೆನಿಗಳು ಅದನ್ನು ನಕಲು ಮಾಡದೆಯೇ, ಅದೇ ಕೆಲಸ ಮಾಡುವ ಬೇರೊಂದನ್ನು ಬರೆದುಕೊಂಡವು. ಬೀಗ ಕಳಚಿತು, ಪಿಸಿ ಲೋಕದ ಸೊತ್ತಾಯಿತು. ಆಪಲ್ ಹಿಡಿದ ಹಾದಿ ಬೇರೆ. 1984ರ ಜನವರಿಯಲ್ಲಿ ಬಂದ ಮ್ಯಾಕಿಂತೋಷ್‌ನಲ್ಲಿ ಚಿಪ್ಪು ಮೊಟೊರೊಲಾದ್ದು, ಪೆಟ್ಟಿಗೆ ಆಪಲ್ಲಿನದು, ತಂತ್ರಾಂಶವೂ ಆಪಲ್ಲಿನದು. ಮಡಿ ಅಡುಗೆಮನೆಯಂತೆ, ಹೊರಗಿನವರ ಕೈ ಸೋಕಬಾರದು.

ಮಡಿ ಕೆಡಿಸುವ ಆಲೋಚನೆ ಆಪಲ್ಲಿಗೇ ಬಂದದ್ದುಂಟು. 1992ರಲ್ಲಿ ನೋವೆಲ್ ಕಂಪೆನಿಯ ಜತೆಗೂಡಿ, ಮ್ಯಾಕಿನ ತಂತ್ರಾಂಶವನ್ನು ಇಂಟೆಲ್ 486 ಯಂತ್ರದ ಮೇಲೆ ಓಡಿಸುವ ಗುಪ್ತ ಯೋಜನೆಯೊಂದು ನಡೆಯಿತು. ಗುಪ್ತನಾಮ ಸ್ಟಾರ್ ಟ್ರೆಕ್. ಕೆಲವೇ ತಿಂಗಳಲ್ಲಿ ಅದು ಓಡಿಯೂ ಓಡಿತು. 1993ರಲ್ಲಿ ಮೇಲಿನವರು ಅದನ್ನು ಕೈಬಿಟ್ಟರು. ಮುಂದೆ 1995ರಲ್ಲಿ ಪವರ್ ಕಂಪ್ಯೂಟಿಂಗ್ ಮೊದಲಾದ ಕಂಪೆನಿಗಳಿಗೆ ಮ್ಯಾಕ್ ಮಾದರಿಯ ಯಂತ್ರ ತಯಾರಿಸಲು ಅನುಮತಿ ಕೊಟ್ಟರು. 1997ರಲ್ಲಿ ಸ್ಟೀವ್ ಜಾಬ್ಸ್ ಹಿಂದಿರುಗಿ ಬಂದು ಆ ಬಾಗಿಲನ್ನೂ ಮುಚ್ಚಿಸಿದ. ಆದರೆ ಆತ ಬರುವಾಗ ತನ್ನ ನೆಕ್ಸ್ಟ್ ಕಂಪೆನಿಯ ತಂತ್ರಾಂಶವನ್ನು ಕಂಕುಳಲ್ಲಿಟ್ಟುಕೊಂಡೇ ಬಂದಿದ್ದ, ಮತ್ತು ಆ ತಂತ್ರಾಂಶ 1993ರಿಂದಲೇ ಇಂಟೆಲ್ ಯಂತ್ರಗಳ ಮೇಲೆ ಓಡುತ್ತಿತ್ತು. 2001ರ ಮಾರ್ಚಿಯಲ್ಲಿ ಬಂದ ಮ್ಯಾಕ್ ಓಎಸ್ ಟೆನ್ ಅದರ ಸಂತಾನ. ನೆಹರೂ ಪ್ಲೇಸಿನ ಪೆಟ್ಟಿಗೆಗೂ ಆಪಲ್ಲಿನ ತಂತ್ರಾಂಶಕ್ಕೂ ಹೀಗೆ ದೂರದ ನೆಂಟಸ್ತಿಕೆ ಮೊದಲೇ ಇತ್ತು.

ನೆಂಟಸ್ತಿಕೆ ಬಹಿರಂಗವಾದದ್ದು 2005ರ ಜೂನ್ 6ರಂದು. ಅಂದು ಜಾಬ್ಸ್ ವೇದಿಕೆಯ ಮೇಲೆ ನಿಂತು, ಮ್ಯಾಕ್ ಓಎಸ್ ಟೆನ್‌ನ ಪ್ರತಿಯೊಂದು ಆವೃತ್ತಿಯನ್ನೂ ಗುಟ್ಟಾಗಿ ಇಂಟೆಲ್ ಚಿಪ್ಪಿಗೂ ಸಿದ್ಧಪಡಿಸುತ್ತ ಬಂದಿದ್ದೇವೆ, ಇನ್ನು ಮುಂದೆ ನಮ್ಮ ಯಂತ್ರಗಳಲ್ಲಿ ಇಂಟೆಲ್ ಚಿಪ್ಪೇ ಇರುತ್ತದೆ ಎಂದು ಸಾರಿದ. ತಂತ್ರಾಂಶ ಬರೆಯುವವರಿಗೆ ಪರೀಕ್ಷೆಗೆಂದು ಪೆಂಟಿಯಂ 4 ಚಿಪ್ಪಿನ ಯಂತ್ರವನ್ನು 999 ಡಾಲರಿಗೆ ಕೊಟ್ಟರು. ಅದು ಮಾರಾಟವಲ್ಲ, ಎರವಲು. 2006 ಮುಗಿಯುವುದರೊಳಗೆ ಹಿಂತಿರುಗಿಸಬೇಕು. ಯಂತ್ರಗಳೇನೋ ಹಿಂತಿರುಗಿದವು. ತಂತ್ರಾಂಶದ ಪ್ರತಿ ಆ ಮೊದಲೇ ಸೋರಿಹೋಗಿತ್ತು. ಟಿಪಿಎಂ ಎಂಬ ಕಾವಲು ಚಿಪ್ಪನ್ನು ಕೇಳಿ ಮುಂದುವರಿಯುವಂತೆ ಅದನ್ನು ಬರೆದಿದ್ದರು. ಬೇಸಗೆ ಕಳೆಯುವುದರೊಳಗೆ ಕುತೂಹಲಿಗಳು ಆ ಕಾವಲನ್ನು ದಾಟಿ, ಸಾಮಾನ್ಯ ಪಿಸಿಗಳ ಮೇಲೆ ಅದನ್ನು ಓಡಿಸಿ ತೋರಿಸಿದರು. 2006ರ ಜನವರಿಯಲ್ಲಿ ಇಂಟೆಲ್ ಚಿಪ್ಪಿನ ಮೊದಲ ಐಮ್ಯಾಕ್ ಪೇಟೆಗೆ ಬರುವ ಹೊತ್ತಿಗೆ ಅದರ ಕಳ್ಳಕೂಸು ಅಂಬೆಗಾಲಿಡುತ್ತಿತ್ತು.

ಇದು ಹೇಗೆ ಸಾಧ್ಯವೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆದಿಶಂಕರರು ಅಮರುಕ ರಾಜನ ದೇಹವನ್ನು ಹೊಕ್ಕ ಕಥೆ ನಮ್ಮ ಹಿರಿಯರೆಲ್ಲ ಕೇಳಿದ್ದೇ. ದೇಹ ರಾಜನದು, ಒಳಗಿನ ಜೀವ ಬೇರೆ. ಇಲ್ಲಿಯೂ ಹಾಗೆಯೇ, ಆದರೆ ಆಪಲ್ಲಿನ ಜೀವ ಒಳಹೊಕ್ಕ ಕೂಡಲೇ ಇದು ನನ್ನ ದೇಹ ಹೌದೇ ಎಂದು ಪರೀಕ್ಷಿಸುತ್ತದೆ. ಯಂತ್ರದ ಮಾದರಿಯ ಹೆಸರೇನು? ಆಪಲ್ಲಿನ ಹಲಗೆಗಳ ಮೇಲಷ್ಟೇ ಇರುವ ಎಸ್‌ಎಂಸಿ ಎಂಬ ಚಿಪ್ಪು ಎಲ್ಲಿ? ಆ ಚಿಪ್ಪಿನಲ್ಲಿ ಅಡಗಿಸಿಟ್ಟ ಸಂಕೇತಪದವಿಲ್ಲದಿದ್ದರೆ ಮುಖ್ಯ ಭಾಗಗಳ ಗೂಢಲಿಪಿ ಬಿಚ್ಚಿಕೊಳ್ಳುವುದಿಲ್ಲ. ಈ ಪರೀಕ್ಷೆ ನಡೆಸುವ ಕಡತಕ್ಕೆ ಅವರು ಇಟ್ಟ ಹೆಸರೇ 'ಮ್ಯಾಕ್ ಓಎಸ್ ಕದಿಯಬೇಡಿ' ಎಂದು. ಆದ್ದರಿಂದ ಹ್ಯಾಕಿಂತೋಷ್ ಕಟ್ಟುವವರು ಯಂತ್ರಕ್ಕೂ ತಂತ್ರಾಂಶಕ್ಕೂ ನಡುವೆ ದ್ವಾರಪಾಲಕನೊಬ್ಬನನ್ನು ನಿಲ್ಲಿಸಿದರು. ಯಂತ್ರಕ್ಕೆ ಜೀವ ಬಂದೊಡನೆ ಇವನು ಎದ್ದು, ಇದು ಐಮ್ಯಾಕ್, ಇದೋ ಎಸ್‌ಎಂಸಿ ಚಿಪ್ಪು, ಇದೋ ಸಂಕೇತ ಎಂದು ಉತ್ತರ ಕೊಡುತ್ತಾನೆ. ಆರಂಭದ ದಿನಗಳಲ್ಲಿ ಆಪಲ್ಲಿನ ಕಡತಗಳನ್ನೇ ಕತ್ತರಿಸಿ ತಿದ್ದಿದ ಡಿಸ್ಕುಗಳು ಕೈಬದಲಾಗುತ್ತಿದ್ದವು. ಅವುಗಳೊಳಗೆ ಇನ್ನೇನು ಸೇರಿದೆಯೆಂದು ಹೇಳುವಂತಿರಲಿಲ್ಲ. ಮುಂದೆ ಕಮೀಲಿಯನ್, ಕ್ಲೋವರ್, 2019ರಲ್ಲಿ ಓಪನ್‌ಕೋರ್ ಎಂಬ ದ್ವಾರಪಾಲಕರು ಬಂದರು. ಓಪನ್‌ಕೋರಿನ ಹೆಚ್ಚುಗಾರಿಕೆಯೆಂದರೆ, ಡಿಸ್ಕಿನ ಮೇಲಿನ ಆಪಲ್ಲಿನ ಕಡತವನ್ನು ಅದು ಮುಟ್ಟುವುದಿಲ್ಲ. ಬೇಕಾದುದನ್ನೆಲ್ಲ ಯಂತ್ರ ಏಳುವ ಹೊತ್ತಿನಲ್ಲಿ, ನೆನಪಿನ ಕೋಶದಲ್ಲಿಯೇ ಮಾಡಿ ಮುಗಿಸುತ್ತದೆ.

ಪರಕಾಯ ಪ್ರವೇಶಕ್ಕೆ ಎಲ್ಲ ದೇಹವೂ ಆಗದು. ಚಿಪ್ಪು, ಚಿತ್ರಫಲಕ, ಧ್ವನಿ ಇವೆಲ್ಲ ಆಪಲ್ಲು ಆ ಕಾಲದಲ್ಲಿ ಬಳಸಿದವಕ್ಕೆ ಹತ್ತಿರವಿರಬೇಕು. ಕಚೇರಿಯ ಮೇಜುಗಣಕಗಳು ಈ ಕೆಲಸಕ್ಕೆ ಒದಗಿಬಂದದ್ದು ಈ ಕಾರಣದಿಂದಲೇ. ಅವುಗಳಲ್ಲಿ ಆಡಂಬರವಿಲ್ಲ, ಇಂಟೆಲ್ ಚಿಪ್ಪಿನೊಳಗೇ ಅಡಕವಾದ ಚಿತ್ರಫಲಕ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಲಕ್ಷಾಂತರ ಪೆಟ್ಟಿಗೆ. ಒಬ್ಬನಿಗೆ ಸರಿಹೋದ ಏರ್ಪಾಟು ಇನ್ನೊಬ್ಬನಿಗೂ ಸರಿಹೋಗುತ್ತದೆ. ಆಪ್ಟಿಪ್ಲೆಕ್ಸ್ 7010, 9020, ಎಚ್‌ಪಿಯ 8300 ಇವು ಈ ಬಳಗದಲ್ಲಿ ಲೋಕಪ್ರಸಿದ್ಧ. ಕಚೇರಿಯಲ್ಲಿ ಲೆಕ್ಕಪತ್ರ ಬರೆದು ನಿವೃತ್ತವಾದ ಗುಮಾಸ್ತ, ವಿಶ್ರಾಂತಿಯ ದಿನಗಳಲ್ಲಿ ಇದ್ದಕ್ಕಿದ್ದಂತೆ ಸಂಗೀತ ವಿದ್ವಾಂಸನಾದಂತೆ.

ಇನ್ನು ನನ್ನ ಮನೆಯ ಪೆಟ್ಟಿಗೆಯ ವಿಚಾರ. 2019ರ ಚಳಿಗಾಲದಲ್ಲಿ ನೆಹರೂ ಪ್ಲೇಸಿನ ಅಂಗಡಿಯೊಂದರಲ್ಲಿ ಆಪ್ಟಿಪ್ಲೆಕ್ಸ್ 9020 ಒಂದನ್ನು ಕೊಂಡೆ. ಉದ್ದೇಶ ನುಡಿಯಲ್ಲಿ ಕನ್ನಡ ಬೆರಳಚ್ಚು ಮಾಡುವುದು, ಅಷ್ಟೇ. ಕೊಟ್ಟ ಬೆಲೆ 11 ಸಾವಿರ ರೂಪಾಯಿ. ಬೇರೊಬ್ಬರಾದರೆ ಎಂಟಕ್ಕೆ ತರುತ್ತಿದ್ದರೆಂದು ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಹೊಸ ಡಿಸ್ಕೆಂದು ಚೀಟಿ ಬರೆದುಕೊಟ್ಟಿದ್ದರು. ತೆರೆದು ನೋಡಿದರೆ ಆ ಡಿಸ್ಕು ಆಗಲೇ ಹತ್ತು ಸಾವಿರ ಗಂಟೆ ದುಡಿದಿತ್ತು. ಜಗಳವಾಡಿ ಬದಲಾಯಿಸಿಕೊಂಡು ಬಂದೆ.

ನಮ್ಮ ಮೇಲಿನ ಮಹಡಿಯಲ್ಲಿ ಹಾಸನದ ಕಡೆಯ ಕುಟುಂಬವೊಂದಿದೆ. ಅವರ ಮಗ ಆಗ ಚಲನಚಿತ್ರ ಸಂಕಲನವನ್ನು ಕಲಿಯುತ್ತಿದ್ದ. ಕಲಿಸುವ ಸಂಸ್ಥೆಯಲ್ಲಿ ಬಳಸುತ್ತಿದ್ದುದು ಫೈನಲ್ ಕಟ್ ಎಂಬ ತಂತ್ರಾಂಶ. ಅದು ಆಪಲ್ಲಿನದು, ಆಗ ಮ್ಯಾಕಿನ ಮೇಲಲ್ಲದೆ ಓಡುತ್ತಿರಲಿಲ್ಲ. ಸಾಲಾಗಿ ಮ್ಯಾಕುಗಳಿದ್ದ ಕೊಠಡಿಯಲ್ಲಿ ಹುಡುಗನ ಅಭ್ಯಾಸ. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತಷ್ಟೆ. ಕೊಠಡಿಗೂ ಬೀಗ ಬಿತ್ತು, ಅರ್ಧ ಮುಗಿದ ಅವನ ಅಭ್ಯಾಸಚಿತ್ರ ಹಾಗೆಯೇ ನಿಂತಿತು. ತಂದೆಯ ಸಂಬಳ ಆ ತಿಂಗಳು ಅರ್ಧವಾಗಿತ್ತು. ಹೊಸ ಮ್ಯಾಕಿನ ಮಾತೆತ್ತುವ ಸ್ಥಿತಿ ಅವರದಾಗಿರಲಿಲ್ಲ. ಎತ್ತಿದರೂ ಅಂಗಡಿ ತೆರೆದಿರಬೇಕಲ್ಲ! ಒಂದು ಸಂಜೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತು, 'ಅಂಕಲ್, ನಿಮ್ಮ ಗಣಕ ಎರವಲು ಕೊಡುತ್ತೀರಾ?' ಎಂದ.

ಕೊಟ್ಟೆ. ಬಳಿಕ ನಡೆದದ್ದನ್ನೆಲ್ಲ ಬಾಗಿಲಾಚೆಯಿಂದಲೇ ನೋಡಿದೆ. ತಂತ್ರಾಂಶವನ್ನು ಆಪಲ್ಲಿನ ಸರ್ವರಿನಿಂದಲೇ ಇಳಿಸಿಕೊಂಡ. ಮೂರು ದಿನ ಪರದೆ ಕಪ್ಪಗೆ ಕುಳಿತಿತ್ತು. ಯಂತ್ರವೇನೋ ಏಳುತ್ತಿದೆ, ದೀಪ ಮಿನುಗುತ್ತಿದೆ, ಚಿತ್ರವಿಲ್ಲ. ಕಾರಣ ತಿಳಿದಾಗ ನಗು ಬಂತು. ನನ್ನ ಪರದೆಗೆ ಇದ್ದುದು ವಿಜಿಎ ಎಂಬ ಹಳೆಯ ನೀಲಿ ಮೂತಿಯ ತಂತಿ. ಇಂಟೆಲ್ಲಿನ ಈ ಚಿತ್ರಫಲಕವಿದ್ದಾಗ ಮ್ಯಾಕ್ ಓಎಸ್ ವಿಜಿಎಯ ಕಡೆಗೆ ತಿರುಗಿಯೂ ನೋಡುವುದಿಲ್ಲ. ಪೆಟ್ಟಿಗೆಯ ಹಿಂದೆ ಡಿಸ್ಪ್ಲೇಪೋರ್ಟ್ ಎಂಬ ಬೇರೆ ಕಿಂಡಿ ಎರಡಿದ್ದವು, ತಂತಿ ಇರಲಿಲ್ಲ. ನೆಹರೂ ಪ್ಲೇಸು ಬಂದ್. ಕೊನೆಗೆ ಪಕ್ಕದ ಕಟ್ಟಡದಲ್ಲಿದ್ದ ನಿವೃತ್ತ ಸರ್ದಾರ್ಜಿಯೊಬ್ಬರ ಕಪಾಟಿನಿಂದ ತಂತಿಯೊಂದು, ಹಗ್ಗ ಕಟ್ಟಿದ ಚೀಲದಲ್ಲಿ ಮಹಡಿಯಿಂದಿಳಿದು ಬಂತು. ಚಿತ್ರ ಮೂಡಿತು. ಶಬ್ದ ಹೊರಡಲು ಇನ್ನೂ ಎರಡು ಭಾನುವಾರ ಹಿಡಿಯಿತು. ಅದೇ ಮಾರ್ಚಿಯಲ್ಲಿ, ಮನೆಯಲ್ಲೇ ಉಳಿದವರಿಗೆ ಅನುಕೂಲವಾಗಲೆಂದು, ಆಪಲ್ಲು ಫೈನಲ್ ಕಟ್ ತಂತ್ರಾಂಶದ ಉಚಿತ ಪರೀಕ್ಷಾವಧಿಯನ್ನು 90 ದಿನಕ್ಕೆ ಹಿಗ್ಗಿಸಿತ್ತು. ಆ 90 ದಿನದೊಳಗೆ ಹುಡುಗ ಚಿತ್ರವನ್ನು ಮುಗಿಸಿದ.

ಇದು ಸರಿಯೇ ಎಂದು ಕೇಳುವ ಓದುಗರಿರಬಹುದು. ಕೇಳಬೇಕಾದ್ದೇ. ಸರ್ಕಾರಿ ನೌಕರಿಯಲ್ಲಿ ಕಾಯಿದೆ ಓದಿಯೇ ತಲೆ ನರೆತವನು ನಾನು, ಮುಚ್ಚಿಡಲಾರೆ. ಆಪಲ್ಲಿನ ಪರವಾನಗಿ ಪತ್ರದಲ್ಲಿ, ಈ ತಂತ್ರಾಂಶವನ್ನು ಆಪಲ್ ಹೆಸರಿನ ಯಂತ್ರದಲ್ಲಷ್ಟೇ ಬಳಸತಕ್ಕದ್ದೆಂದು ಸ್ಪಷ್ಟವಾಗಿದೆ. ಅಮೆರಿಕದ ಫ್ಲಾರಿಡಾದಲ್ಲಿ ಸೈಸ್ಟಾರ್ ಎಂಬ ಸಣ್ಣ ಕಂಪೆನಿ 2008ರ ಏಪ್ರಿಲಿನಲ್ಲಿ, ಮ್ಯಾಕ್ ಓಎಸ್ ತುಂಬಿದ ಸಾಮಾನ್ಯ ಪಿಸಿಗಳನ್ನು ಬಹಿರಂಗವಾಗಿ ಮಾರತೊಡಗಿತು. ಜುಲೈಯಲ್ಲಿ ಆಪಲ್ಲು ದಾವೆ ಹೂಡಿತು. ಕೊಂಡ ಡಿಸ್ಕು ನನ್ನದು, ಎಲ್ಲಿ ಹಾಕಿದರೆ ನಿನಗೇನು ಎಂಬುದು ಸೈಸ್ಟಾರಿನ ವಾದದ ಧಾಟಿ. ಕ್ಯಾಲಿಫೋರ್ನಿಯಾದ ನ್ಯಾಯಾಧೀಶ ವಿಲಿಯಂ ಆಲ್ಸಪ್ 2009ರ ನವೆಂಬರಿನಲ್ಲಿ ಆಪಲ್ಲಿನ ಪರ ತೀರ್ಪಿತ್ತರು. ಮೇಲ್ಮನವಿಯಲ್ಲಿಯೂ 2011ರಲ್ಲಿ ಅದೇ ಗಟ್ಟಿಯಾಯಿತು. ಮನೆಯಲ್ಲಿ ಒಂದು ಯಂತ್ರ ಕಟ್ಟಿಕೊಂಡವನನ್ನು ಹುಡುಕಿಕೊಂಡು ಆಪಲ್ಲು ಹೊರಟದ್ದನ್ನು ನಾನು ಕೇಳಿಲ್ಲ. ಹಾಗೆಂದ ಮಾತ್ರಕ್ಕೆ ಕರಾರು ಕರಾರಲ್ಲವೆಂದಾಗದು. ನೆಹರೂ ಪ್ಲೇಸಿನ ಹೆಸರು ಅಮೆರಿಕದ ವಾಣಿಜ್ಯ ಪ್ರತಿನಿಧಿಯ ಕುಖ್ಯಾತ ಮಾರುಕಟ್ಟೆಗಳ ಪಟ್ಟಿಯಲ್ಲಿ ಹಲವು ಬಾರಿ ಬಂದಿರುವುದೂ ಇಂಥ ಕಾರಣಗಳಿಗಾಗಿಯೇ. ಆ ವಸಂತದಲ್ಲಿ ಹುಡುಗನನ್ನು ತಡೆಯಲು ನನಗೆ ಮನಸ್ಸು ಬರಲಿಲ್ಲ. ಆದರೆ ಸಂಘದ ಕಚೇರಿಗೂ ಇಂಥದೊಂದನ್ನು ಮಾಡಿಸಿದರೆ ಹೇಗೆ ಎಂದು ಸ್ನೇಹಿತರೊಬ್ಬರು ಕೇಳಿದಾಗ, ಕೂಡದೆಂದು ಖಂಡತುಂಡವಾಗಿ ಹೇಳಿದೆ. ಸಾರ್ವಜನಿಕ ಸಂಸ್ಥೆಯ ಲೆಕ್ಕಪುಸ್ತಕ ಎರವಲು ಜೀವದ ಮೇಲೆ ನಿಲ್ಲಬಾರದು.

ಹುಡುಗ ಪೆಟ್ಟಿಗೆಯನ್ನು ಹಿಂದಿರುಗಿಸಿದ ಮೇಲೆ ಹೊಸ ಜೀವವನ್ನು ತೆಗೆಯದೆ ಹಾಗೆಯೇ ಉಳಿಸಿಕೊಂಡು, ಎರಡನೆಯ ಡಿಸ್ಕಿನಲ್ಲಿ ನನ್ನ ವಿಂಡೋಸ್ ಇಟ್ಟುಕೊಂಡೆ. ಮ್ಯಾಕಿನಲ್ಲಿ ಕನ್ನಡ ಹೇಗಿದೆ ನೋಡೋಣವೆಂಬ ಕುತೂಹಲ. ಇಲ್ಲಿ ಕನ್ನಡಿಗರು ಗಮನಿಸಬೇಕಾದ ಸಂಗತಿಯೊಂದಿದೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ 2001ರಲ್ಲೇ ಬಂತು. ಅದರ ಅಕ್ಷರಕ್ಕೆ ತುಂಗಾ ಎಂದು ನಮ್ಮ ನದಿಯ ಹೆಸರು. ಅದಕ್ಕೂ ಮೊದಲೇ, 1998ರಲ್ಲಿ, ಶೇಷಾದ್ರಿವಾಸು ಅವರ ಬರಹ ಬಂದಿತ್ತು. ಬಳಿಕ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಎರಡೂ ವಿಂಡೋಸಿಗೆಂದು ಹುಟ್ಟಿದವು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮ ನಮ್ಮ ಬೆರಳುಗಳಿಗೆ ಹತ್ತಿದ್ದೂ ಅಲ್ಲಿಯೇ. ಬೆಲೆಬಾಳುವ ಮ್ಯಾಕಿನಲ್ಲಿಯೋ, ಕಂಪೆನಿಯೇ ಕೊಟ್ಟ ಕನ್ನಡ ಅಕ್ಷರ ಬರಲು 2011ರವರೆಗೆ, ಲಯನ್ ಎಂಬ ಆವೃತ್ತಿಯವರೆಗೆ ಕಾಯಬೇಕಾಯಿತು. ಕನ್ನಡ ಎಂಎನ್, ಕನ್ನಡ ಸಂಗಮ್ ಎಂಎನ್ ಎಂಬ ಆ ಅಕ್ಷರಗಳನ್ನು ರೂಪಿಸಿದವರು ಮಲೇಷಿಯಾದ ತಮಿಳರಾದ ಮುತ್ತು ನೆಡುಮಾರನ್. ಗುಂಡಗಿನ, ಕಣ್ಣಿಗೆ ಹಿತವಾದ ಅಕ್ಷರ. ಅಗ್ಗದ ಪೆಟ್ಟಿಗೆಗೆ ಕನ್ನಡ ಹತ್ತು ವರ್ಷ ಮೊದಲು ಬಂತೆಂಬುದು ನನಗೆ ಸಣ್ಣ ಸಮಾಧಾನ. ಆದರೆ ನನ್ನ ಹಳೆಯ ನುಡಿ ಕಡತಗಳನ್ನು ಮ್ಯಾಕಿನಲ್ಲಿ ತೆರೆದಾಗ ಕಂಡದ್ದು ಕನ್ನಡವಲ್ಲ, ತಲೆಬುಡವಿಲ್ಲದ ರೋಮನ್ ಚಿಹ್ನೆಗಳ ಸಾಲು. ಯೂನಿಕೋಡಿಗೆ ಮೊದಲಿನ ಬರಹದ ಗತಿಯೇ ಅದು. ಒಂದೊಂದನ್ನೂ ವಿಂಡೋಸಿನಲ್ಲಿ ಪರಿವರ್ತಿಸಿ ತರಬೇಕಾಯಿತು. ಸದಸ್ಯರಲ್ಲಿ ಯಾರ ಬಳಿಯಾದರೂ 20 ವರ್ಷ ಹಿಂದಿನ ಕನ್ನಡ ಕಡತಗಳಿದ್ದರೆ, ತೆರೆಯುವ ಯಂತ್ರ ಇರುವಾಗಲೇ ಈ ಕೆಲಸ ಮಾಡಿಸಿಕೊಳ್ಳುವುದು ಒಳಿತು.

ಕಥೆಯ ಅಂತ್ಯದ ಸುದ್ದಿ ಬಂದದ್ದೂ ಅದೇ 2020ರಲ್ಲಿ. ಜೂನ್ 22ರಂದು, ನಮ್ಮ ಗಡಿಯಾರದಲ್ಲಿ ರಾತ್ರಿ ಹತ್ತೂವರೆಗೆ ಆರಂಭವಾದ ಸಮಾರಂಭವನ್ನು ಹುಡುಗ ಈ ಪೆಟ್ಟಿಗೆಯಲ್ಲಿಯೇ ನೋಡಿದನಂತೆ. ಇಂಟೆಲ್ಲನ್ನು ತೊರೆದು ಸ್ವಂತ ಚಿಪ್ಪಿಗೆ ಹೋಗುತ್ತೇವೆಂದು ಟಿಮ್ ಕುಕ್ ಸಾರಿದರು. ನವೆಂಬರಿನಲ್ಲಿ ಎಂ1 ಚಿಪ್ಪಿನ ಮ್ಯಾಕುಗಳು ಬಂದವು. ಇಂಟೆಲ್ ಚಿಪ್ಪಿನ ಕೊನೆಯ ಮ್ಯಾಕಿನ ಮಾರಾಟ 2023ರ ಜೂನಿನಲ್ಲಿ ನಿಂತಿತು. 2025ರಲ್ಲಿ ಬಂದ ತಾಹೋ ಆವೃತ್ತಿಯೇ ಇಂಟೆಲ್ ಯಂತ್ರಗಳಿಗೆ ಕಡೆಯದೆಂದು ಆಪಲ್ಲು ತಿಳಿಸಿತು. ಅಲ್ಲಿಗೆ ಪರಕಾಯ ಪ್ರವೇಶ ಮುಗಿದಂತೆ, ಏಕೆಂದರೆ ಸ್ವಂತ ಚಿಪ್ಪಿನ ಜೀವಕ್ಕೆ ಒಪ್ಪುವ ದೇಹ ನೆಹರೂ ಪ್ಲೇಸಿನಲ್ಲಿ ಸಿಗದು. ನನ್ನ 9020ರ ಚಿತ್ರಫಲಕವನ್ನು ಆಪಲ್ಲು 2021ರ ಮಾಂಟೆರಿ ಆವೃತ್ತಿಯ ಬಳಿಕವೇ ಕೈಬಿಟ್ಟಿತ್ತು. ಮಾಂಟೆರಿಗೆ ಈಗ ಸುರಕ್ಷೆಯ ತಿದ್ದುಪಡಿ ಬರುವುದಿಲ್ಲ. ಆದ್ದರಿಂದ ಬ್ಯಾಂಕಿನ ವ್ಯವಹಾರವನ್ನು ಅದರಲ್ಲಿ ಮಾಡುವುದನ್ನು ನಿಲ್ಲಿಸಿದ್ದೇನೆ. ಹಾಗೆ ನೋಡಿದರೆ ಇಂದು ಈ ಸಾಹಸದ ಅಗತ್ಯವೂ ಕುಗ್ಗಿದೆ. 2024ರ ಕೊನೆಗೆ ಬಂದ ಮ್ಯಾಕ್ ಮಿನಿಯ ಆರಂಭದ ಬೆಲೆ ಆಗ 59,900 ರೂಪಾಯಿ ಇತ್ತು. ಅಗ್ಗವೆನ್ನಲಾರೆ, ಆದರೆ ಮೂರು ದಿನ ಕಪ್ಪು ಪರದೆ ನೋಡುತ್ತ ಕೂರಬೇಕಾಗಿಲ್ಲ.

ಆಪಲ್ಲನ್ನು ಮಾತ್ರ ದೂರಿ ಪ್ರಯೋಜನವಿಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೂ ಕಂಪೆನಿಯ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವುದು ಟಿಪಿಎಂ ಚಿಪ್ಪನ್ನು. 2005ರಲ್ಲಿ ಆಪಲ್ಲು ಬಾಗಿಲಲ್ಲಿ ನಿಲ್ಲಿಸಿದ್ದನಲ್ಲ, ಅದೇ ಕಾವಲುಗಾರ, ಅವನ ಹೊಸ ಪೀಳಿಗೆಯವನು. ಜತೆಗೆ ಇಂಟೆಲ್ಲಿನ ಎಂಟನೆಯ ತಲೆಮಾರಿನ ಚಿಪ್ಪು ಬೇಕು. ನನ್ನದು ನಾಲ್ಕನೆಯದು. ಯಂತ್ರದ ಒಂದು ತಿರುಪೂ ಸಡಿಲವಾಗಿಲ್ಲ, ಆದರೂ ಎರಡು ಕಡೆಯಿಂದಲೂ ಅದಕ್ಕೆ ವಯಸ್ಸಾಯಿತೆಂಬ ತೀರ್ಪು. ಇಂಥವು ಕಡೆಗೆ ಸೇರುವ ಜಾಗ ಯಮುನೆಯ ಆಚೆಯ ಸೀಲಂಪುರ. ಅಲ್ಲಿ ಬರಿಗೈಯಲ್ಲಿ ಹಲಗೆ ಒಡೆದು, ತಂತಿ ಸುಟ್ಟು, ಆಮ್ಲದಲ್ಲಿ ಅದ್ದಿ ತಾಮ್ರ, ಚಿನ್ನ ತೆಗೆಯುವವರ ಕೈ ನೋಡಿದವರಿಗೆ ಹಳೆಯ ಪೆಟ್ಟಿಗೆಯನ್ನು ಇನ್ನೊಂದು ವರ್ಷ ಓಡಿಸೋಣವೆಂದು ತೋರದಿರದು. 2012ರಿಂದ ವಿದ್ಯುನ್ಮಾನ ಕಸಕ್ಕೆ ನಿಯಮಗಳಿವೆ. 2023ರ ಏಪ್ರಿಲಿನಿಂದ ಜಾರಿಗೆ ಬಂದ ಹೊಸ ನಿಯಮದಲ್ಲಿ ಹಳೆಯ ಯಂತ್ರವನ್ನು ದುರಸ್ತಿ ಮಾಡಿ ಮಾರುವವರೂ ನೋಂದಾಯಿಸಿಕೊಳ್ಳಬೇಕು. ಎಷ್ಟು ನೆಲಮಾಳಿಗೆಗಳಿಗೆ ಆ ಸುದ್ದಿ ತಲುಪಿದೆಯೋ!

ಹುಡುಗ ಈಗ ಮುಂಬಯಿಯಲ್ಲಿದ್ದಾನೆ. ಅವನ ಮೇಜಿನ ಮೇಲೆ ಕಂಪೆನಿ ಕೊಟ್ಟ ಅಸಲಿ ಮ್ಯಾಕು. ಕಳೆದ ತಿಂಗಳು ನನ್ನ ಪೆಟ್ಟಿಗೆಯ ಫ್ಯಾನು ದಿಲ್ಲಿಯ ಧೂಳು ಕುಡಿದು ಕುಡಿದು ರೊಯ್ಯೆಂದು ಅಳತೊಡಗಿತು. ಚೀಲದಲ್ಲಿ ಹಾಕಿಕೊಂಡು ಮೆಟ್ರೋ ಹತ್ತಿದೆ. ಮಂಜೂಷಾ ಕಟ್ಟಡದ ಹಿಂಭಾಗದಲ್ಲಿ, ಸತ್ತ 9020 ಒಂದರ ಹೊಟ್ಟೆಯಿಂದ ಫ್ಯಾನು ಕಳಚಿ 150 ರೂಪಾಯಿಗೆ ಜೋಡಿಸಿಕೊಟ್ಟ. ಚಾಲೂ ಮಾಡಿದಾಗ ಪರದೆಯ ಮೇಲೆ ಸೇಬಿನ ಚಿತ್ರ ಮೂಡಿತು. ಅಂಗಡಿಯವನು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಏನೂ ಕೇಳದೆ, ಮುಂದಿನ ಗಿರಾಕಿಯ ಕಡೆಗೆ ತಿರುಗಿದ.